ಮೊದಲು ಹಕ್ಕಿ, ಆಮೇಲೆ ಅಲೆ: ಮುಸ್ಸಂಜೆ ಕಡಲಲ್ಲಿ ನಾನು ಫೋಟೋ ತೆಗೆಯುವ ರೀತಿ

ಹಾರುವ ಹಕ್ಕಿಯ ರೆಕ್ಕೆ ಚೂಪಾಗಿ ಬರಬೇಕೆಂದರೆ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/1600 ಸೆಕೆಂಡಿನ ಆಸುಪಾಸು ಇರಬೇಕು. ಅದೇ ಅಲೆ ಬಂಡೆ ಮೇಲಿಂದ ಹಾಲಿನ ಹಾಗೆ ಇಳಿಯಬೇಕೆಂದರೆ ಅರ್ಧ ಸೆಕೆಂಡಿನ ಆಸುಪಾಸು ತೆರೆದಿಡಬೇಕು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಎರಡೂ ಕೈಗೆ ಸಿಗುವುದಿಲ್ಲ. ಅದಕ್ಕೇ ನಾನು ಸಂಜೆಯನ್ನು ಬೆಳಕು ಇಳಿಯುವ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇನೆ. ಬಿಸಿಲು ಇರುವಷ್ಟು ಹೊತ್ತು ಹಕ್ಕಿ, ಕತ್ತಲು ಕವಿಯುತ್ತಾ ಬಂದ ಹಾಗೆ ಅಲೆ.

ಹೊರಡುವ ಮುಂಚೆ ಉಬ್ಬರ-ಇಳಿತದ ಸಮಯ ನೋಡುತ್ತೇನೆ. ಹೆಚ್ಚಿನ ಕಡಲ ತೀರಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ ಅಂತರ ಇರುತ್ತದೆ, ಹಾಗಾಗಿ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ಜಾಸ್ತಿ ಏರುತ್ತದೆ. ನನಗೆ ಇಷ್ಟವಾದದ್ದು ಇಳಿಯುತ್ತಿರುವ ನೀರು. ಆಗಷ್ಟೇ ಬಯಲಾದ ಬಂಡೆಗೆ ಹಕ್ಕಿಗಳು ಮೇಯಲು ಬರುತ್ತವೆ, ಒದ್ದೆ ಕಲ್ಲಿನ ಮೇಲೆ ಆಕಾಶದ ಬಣ್ಣ ಬೀಳುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ವಾಪಸ್ ಬರುವ ದಾರಿ ನೀರಲ್ಲಿ ಮುಳುಗುವುದಿಲ್ಲ.

ಬಂಡೆಗೆ ಇಳಿಯುವ ಮುಂಚೆ ಮೇಲೇ ನಿಂತು ಒಂದಷ್ಟು ಹೊತ್ತು ಸುಮ್ನೆ ನೋಡುತ್ತೇನೆ. ಅಲೆಗಳೆಲ್ಲ ಒಂದೇ ಅಳತೆಯವಲ್ಲ. ಸಣ್ಣವು ಬರುತ್ತಲೇ ಇರುತ್ತವೆ, ಇಷ್ಟೇ ಅಂದುಕೊಳ್ಳುವಷ್ಟರಲ್ಲಿ ದೊಡ್ಡವು ಒಂದರ ಹಿಂದೆ ಒಂದು ಗುಂಪಾಗಿ ಬರುತ್ತವೆ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿ ಕಪ್ಪಗಿದೆಯೋ ಅಲ್ಲಿಯವರೆಗೆ ನೀರು ಬಂದಿದೆ ಅಂತಲೇ ಅರ್ಥ. ಪಾಚಿ ಇರುವ ಕಡೆ ನಾನು ಕಾಲಿಡುವುದಿಲ್ಲ, ಕಡಲಿಗೆ ಬೆನ್ನು ಹಾಕುವುದೂ ಇಲ್ಲ. ಎಂಥಾ ಫೋಟೋ ಆದರೂ ಸರಿ, ಇದರಲ್ಲಿ ರಾಜಿ ಇಲ್ಲ.

ಹಕ್ಕಿ ವಿಷಯದಲ್ಲಿ ಲೆನ್ಸಿಗಿಂತ ಗಾಳಿ ಮುಖ್ಯ. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನನ್ನ ಬೆನ್ನಿಗಿದ್ದರೆ ಅವು ನನ್ನ ಕಡೆಗೇ ಮುಖ ಮಾಡಿ ಇಳಿಯುತ್ತವೆ. ಗಾಳಿ ಕಡಲ ಕಡೆಯಿಂದ ಬೀಸುತ್ತಿದ್ದರೆ ಬರೀ ಬಾಲದ ಫೋಟೋ ಸಿಗುತ್ತದೆ. ಆಗ ದಡದುದ್ದಕ್ಕೆ ಜರುಗಿ ಪಕ್ಕದಿಂದ ತೆಗೆಯುತ್ತೇನೆ. ಶಟರ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ) ಕೈಯಲ್ಲೇ ಇಟ್ಟುಕೊಂಡು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ತೋರುವ ಸೂಕ್ಷ್ಮತೆ) ಮಾತ್ರ ಆಟೋಗೆ ಬಿಡುತ್ತೇನೆ. ಗಲ್ ಹಕ್ಕಿಯ ಬಿಳಿ ಎದೆ ಕಪ್ಪು ನೀರಿನ ಎದುರು ಬೇಗ ಬೆಳ್ಳಗೆ ಸುಟ್ಟುಹೋಗುತ್ತದೆ. ಹಾಗಾಗಿ ಎಕ್ಸ್‌ಪೋಷರನ್ನು 2/3 ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಮಾಡುತ್ತೇನೆ. ಟರ್ನ್ ಎಂಬ ಕಡಲಹಕ್ಕಿಗಳು ನೀರಿಗೆ ಧುಮುಕುವ ಮುಂಚೆ ಸಾಮಾನ್ಯವಾಗಿ ಒಂದೆಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತವೆ ನೋಡಿ, ಫೋಕಸ್ ಹಿಡಿಯುವುದು ಆಗಲೇ. ಧುಮುಕಿದ ಮೇಲೆ ಹುಡುಕಿದರೆ ಬರೀ ನೀರು.

ಈ ನಡುವೆ ಉಪ್ಪಿನ ಹನಿ ಲೆನ್ಸಿನ ಮೇಲೆ ಕೂರುತ್ತಲೇ ಇರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪು ಇನ್ನೂ ಹರಡುತ್ತದೆ, ಗಾಜೂ ಗೀರಬಹುದು. ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮೊದಲು, ಒಣ ಬಟ್ಟೆ ಆಮೇಲೆ.

ಸೂರ್ಯ ನೀರಿಗೆ ತಾಗಿದ ಮೇಲೆ ಹಕ್ಕಿಯ ಗರಿ ಕಾಣಿಸುವ ಆಸೆ ಬಿಡುತ್ತೇನೆ. ಬೆಳಕನ್ನು ಆಕಾಶಕ್ಕೆ ಅಳೆದರೆ ಹಕ್ಕಿ ಕಪ್ಪು ಆಕಾರವಾಗಿ ಬರುತ್ತದೆ. ಆಗ ರೆಕ್ಕೆ ಪೂರ್ತಿ ಮೇಲಿರಬೇಕು ಇಲ್ಲವೇ ಪೂರ್ತಿ ಕೆಳಗಿರಬೇಕು, ನಡುವೆ ಇದ್ದರೆ ಬರೀ ಗೆರೆ. ನೀರುಕಾಗೆಗಳು ಸಾಲಾಗಿ ನೀರಿಗೆ ತಾಗುವ ಹಾಗೆ ಗೂಡಿನತ್ತ ಹೋಗುವ ಹೊತ್ತೂ ಇದೇ. ಅವಕ್ಕೆ ಶಟರ್ 1/30ಕ್ಕೆ ಇಳಿಸಿ, ಅವುಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತೇನೆ. ಬಹುತೇಕ ಫ್ರೇಮುಗಳು ಡಿಲೀಟ್ ಆಗುತ್ತವೆ. ಉಳಿದ ಒಂದೆರಡರ ಮುಂದೆ ಚೂಪಾದ ಫೋಟೋಗಳು ನನಗಂತೂ ಸಪ್ಪೆ.

ಸೂರ್ಯ ಮುಳುಗಿದ ಮೇಲೆ ಟ್ರೈಪಾಡ್. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗೆ ಹೋಗುವವರೆಗೆ ಒಳ್ಳೆ ಬೆಳಕಿರುತ್ತದೆ, ಸಮಭಾಜಕದ ಹತ್ತಿರ ಅದು ಇಪ್ಪತ್ತು ಚಿಲ್ಲರೆ ನಿಮಿಷ, ಧ್ರುವಗಳ ಕಡೆ ಹೋದಂತೆ ಜಾಸ್ತಿ. ಟ್ರೈಪಾಡ್ ಕಾಲುಗಳನ್ನು ಅಗಲಿಸಿ ತಗ್ಗಾಗಿ ನಿಲ್ಲಿಸುತ್ತೇನೆ, ನಡುವಿನ ಕಂಬ ಎತ್ತುವುದಿಲ್ಲ. ಐಎಸ್‌ಒ 100, ಅಪರ್ಚರ್ ಎಫ್/8 ಅಥವಾ 11, ಶಟರ್ 1/4ರಿಂದ 1 ಸೆಕೆಂಡ್. ಅಲೆ ಬಡಿಯುವಾಗ ಅಲ್ಲ, ಬಡಿದು ಹಿಂದಕ್ಕೆ ಜಾರಲು ಶುರುವಾದಾಗ ಒತ್ತಬೇಕು. ಆಗ ನೊರೆ ಬಿಳಿ ಎಳೆಗಳಾಗಿ ಬಂಡೆಗಳ ನಡುವೆ ಹರಿಯುತ್ತದೆ. 30 ಸೆಕೆಂಡ್ ಇಟ್ಟರೆ ಕಡಲೆಲ್ಲ ಮಂಜಾಗುತ್ತದೆ. ಅದನ್ನು ಮೆಚ್ಚುವವರು ಬಹಳ ಇದ್ದಾರೆ, ನನಗೆ ಅದು ಕಡಲು ಅನ್ನಿಸುವುದೇ ಇಲ್ಲ.

ಹಕ್ಕಿ, ಅಲೆ ಎರಡೂ ಒಂದೇ ಫ್ರೇಮಿಗೆ ಬರುವ ದಾರಿ ಒಂದಿದೆ, ಕೂತ ಹಕ್ಕಿ. ನೀರುಕಾಗೆಯ ಗರಿ ನೀರು ಹೀರುತ್ತದೆ, ಅದಕ್ಕೇ ಅದು ಬಂಡೆ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಆದರೆ ಹರಡಿದ ರೆಕ್ಕೆ ಗಾಳಿಗೆ ಅಲುಗುತ್ತದೆ. ರೆಕ್ಕೆ ಮಡಚಿ ಕೂತಾಗಲೇ 1/4 ಸೆಕೆಂಡಿನಲ್ಲಿ ರಿಮೋಟ್ ಹಿಡಿದು ಸಾಲಾಗಿ ಒತ್ತುತ್ತಾ ಹೋಗುತ್ತೇನೆ. ಯಾವುದಾದರೂ ಒಂದರಲ್ಲಿ ತಲೆ ಅಲುಗದೆ ನಿಂತಿರುತ್ತದೆ. ಇದಕ್ಕೆ ದೂರದಿಂದಲೇ ಉದ್ದ ಲೆನ್ಸ್ ಸಾಕು, ಫ್ಲ್ಯಾಷ್ ಬೇಡವೇ ಬೇಡ. ಹಕ್ಕಿ ಗರಿ ತಿದ್ದುವುದು ನಿಲ್ಲಿಸಿ ಕುತ್ತಿಗೆ ನೀಡಿ ನಮ್ಮನ್ನೇ ನೋಡಿದರೆ ಅಲ್ಲೇ ನಿಲ್ಲಬೇಕು. ತಲೆ ಮೇಲೆ ಕೂಗುತ್ತಾ ಎರಗಿದರೆ ಹತ್ತಿರದಲ್ಲಿ ಮೊಟ್ಟೆಯೋ ಮರಿಯೋ ಇದೆ, ಬಂದ ದಾರಿಯಲ್ಲೇ ವಾಪಸ್.

ಪೂರ್ತಿ ಕತ್ತಲಾಗುವ ಮುಂಚೆ ಬಂಡೆ ಬಿಡುತ್ತೇನೆ, ಹೆಡ್‌ಲ್ಯಾಂಪ್ ಇದ್ದರೂ ಸರಿ. ಮನೆಗೆ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆದು, ಮಡಚದೆ ಹಾಗೇ ಒಣಗಲು ಬಿಡುತ್ತೇನೆ, ಇಲ್ಲದಿದ್ದರೆ ಉಪ್ಪು ಕೂತು ಸ್ಕ್ರೂಗಳು ಹಿಡಿದುಕೊಳ್ಳುತ್ತವೆ.