ತೆರೆಯದ ಪೆಟ್ಟಿಗೆಯ ಲೆಕ್ಕ: ಸಂಗ್ರಹಯೋಗ್ಯ ಆಟಿಕೆ ಸೆಟ್ ಕೊಂಡು ಮಾರುವುದು ಹೇಗೆ?

ತಯಾರಿಕೆ ನಿಂತುಹೋದ ಲೆಗೊ ಸೆಟ್ (ಒಂದಕ್ಕೊಂದು ಸಿಕ್ಕಿಸಿ ಮಾದರಿ ಕಟ್ಟುವ ಪ್ಲಾಸ್ಟಿಕ್ ಬ್ಲಾಕುಗಳ ಪೆಟ್ಟಿಗೆ) ಒಂದು ನಾಲ್ಕೈದು ವರ್ಷಗಳ ಬಳಿಕ ಮೂಲ ದರದ ಎರಡು ಪಟ್ಟಿಗೆ ಮಾರಾಟವಾಯಿತು ಎಂದು ಕೇಳಿದಾಗ, ತಾನೂ ನಾಲ್ಕು ಪೆಟ್ಟಿಗೆ ಕೊಂಡಿಡಬಾರದೇಕೆ ಎಂಬ ಆಸೆ ಯಾರಿಗಾದರೂ ಚಿಗುರುತ್ತದೆ. ಆಸೆ ತಪ್ಪಲ್ಲ. ಆದರೆ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ವರ್ಷಗಳು ಕಳೆದ ಮೇಲೆ ಈ ಪೆಟ್ಟಿಗೆಯನ್ನು ತೆರೆದು ಜೋಡಿಸಲು ಹಂಬಲಿಸುವವರು ಯಾರು? ಈ ವ್ಯವಹಾರದಲ್ಲಿ ಹಣ ಹುಟ್ಟುವುದು ಆ ಹಂಬಲದಿಂದಲೇ. ಉತ್ತರ ಹೊಳೆಯದಿದ್ದರೆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈ ಮಾತಿಗೆ ದೊಡ್ಡ ಸಾಕ್ಷಿ 1990ರ ದಶಕದ ಬೀನಿ ಬೇಬೀಸ್ ಗೊಂಬೆಗಳು. ಅಮೆರಿಕದ ಟೈ ಕಂಪನಿ ತಯಾರಿಸಿದ ಆ ಪುಟ್ಟ ಮೆತ್ತನೆಯ ಗೊಂಬೆಗಳನ್ನು ಜನ ಮುಗಿಬಿದ್ದು ಕೊಂಡರು, ಚೀಟಿಯೂ ಹರಿಯದಂತೆ ಜೋಪಾನ ಮಾಡಿದರು. 1999ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿ, ಬಳಿಕ ಮುಂದುವರಿಸಿತು. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಮಾರಲೆಂದೇ ಇಟ್ಟ ಗೊಂಬೆಗಳಿದ್ದವು. ಆಡಲು ಬಯಸಿ ಕೊಳ್ಳುವವರು ಉಳಿದಿರಲಿಲ್ಲ. ಬೆಲೆ ಕುಸಿಯಿತು. ಎಲ್ಲರೂ ಕಾಪಿಟ್ಟ ವಸ್ತು ಎಂದಿಗೂ ಅಪರೂಪವಾಗುವುದಿಲ್ಲ.

ಲೆಗೊ ಸೆಟ್‌ಗಳ ಸ್ಥಿತಿ ಇದಕ್ಕಿಂತ ಭಿನ್ನ. ಕೊಂಡವರಲ್ಲಿ ಬಹುಪಾಲು ಜನ ಪೆಟ್ಟಿಗೆ ಒಡೆದು ಜೋಡಿಸುತ್ತಾರೆ, ಚೂರುಗಳು ಬೇರೆ ಚೂರುಗಳ ಜೊತೆ ಬೆರೆಯುತ್ತವೆ, ಕೆಲವು ಕಳೆದುಹೋಗುತ್ತವೆ. ಹೀಗಾಗಿ ತಯಾರಿಕೆ ನಿಂತ ದಿನದಿಂದ ತೆರೆಯದ ಪೆಟ್ಟಿಗೆಗಳು ಕಡಿಮೆಯಾಗುತ್ತಲೇ ಹೋಗುತ್ತವೆ. ಇನ್ನೊಂದು ಕಾರಣವೂ ಇದೆ. 1958ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಬ್ಲಾಕ್ ಇಂದಿನ ಬ್ಲಾಕಿಗೂ ಸರಿಯಾಗಿ ಕೂರುತ್ತದೆ. ಹಳೆಯ ಸೆಟ್ ಹಳತಾದರೂ ಬಳಕೆಗೆ ಬಾರದ ವಸ್ತುವಾಗುವುದಿಲ್ಲ. ಈ ಲೇಖನದಲ್ಲಿ ನಾನು ಹೆಚ್ಚಾಗಿ ಲೆಗೊ ಕುರಿತೇ ಬರೆಯುತ್ತಿರುವುದಕ್ಕೆ ಅದೇ ಕಾರಣ.

ಮೊದಲ ಹೆಜ್ಜೆ: ಆಯ್ಕೆ

ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2,322 ಸೆಟ್‌ಗಳ ಬೆಲೆಯನ್ನು ಪರಿಶೀಲಿಸಿ, ವಾರ್ಷಿಕ ಪ್ರತಿಫಲ ಸರಾಸರಿ ಶೇ 11ರಷ್ಟಿತ್ತು ಎಂದು ಕಂಡುಕೊಂಡರು. ಈ ಅಂಕಿ ಬಹಳ ಕಡೆ ಉಲ್ಲೇಖವಾಗುತ್ತದೆ. ಅದೇ ಅಧ್ಯಯನದಲ್ಲಿ ಅರ್ಧಕ್ಕರ್ಧ ಬೆಲೆ ಕಳೆದುಕೊಂಡ ಸೆಟ್‌ಗಳೂ ಇದ್ದವು ಎಂಬುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ. ಸರಾಸರಿಯನ್ನು ಯಾರೂ ಕೊಳ್ಳಲಾರರು. ಕೊಳ್ಳುವುದು ನಿರ್ದಿಷ್ಟ ಪೆಟ್ಟಿಗೆಯನ್ನು.

ಆ ಅಧ್ಯಯನದಿಂದ ನಿಜಕ್ಕೂ ಕಲಿಯಬೇಕಾದ ಅಂಶ ಬೇರೆಯಿದೆ. ತೀರಾ ಚಿಕ್ಕ ಸೆಟ್‌ಗಳು ಮತ್ತು ತೀರಾ ದೊಡ್ಡ ಸೆಟ್‌ಗಳು ಮಧ್ಯಮ ಗಾತ್ರದವುಗಳಿಗಿಂತ ವೇಗವಾಗಿ ಬೆಲೆ ಏರಿಸಿಕೊಂಡವು. ಚಿಕ್ಕವುಗಳಲ್ಲಿ ಬೇರೆಲ್ಲೂ ಸಿಗದ ಮಿನಿಫಿಗರ್ (ಲೆಗೊದ ಪುಟ್ಟ ಮನುಷ್ಯಾಕೃತಿಯ ಗೊಂಬೆ) ಅಥವಾ ವಿಶಿಷ್ಟ ಚೂರು ಇರುವುದುಂಟು. ದೊಡ್ಡವನ್ನು ಕೊಳ್ಳುವವರು ವಯಸ್ಕರು. ಅವರ ಬಳಿ ಹಣವೂ ಇದೆ, ಬಿಡುಗಡೆಯಾದ ಕಾಲದಲ್ಲಿ ಕೈತಪ್ಪಿದ ಸೆಟ್ಟಿನ ನೆನಪೂ ಇದೆ. 2007ರಲ್ಲಿ ಬಂದ 10182 ಸಂಖ್ಯೆಯ ಕೆಫೆ ಕಾರ್ನರ್ ಇದಕ್ಕೆ ಒಳ್ಳೆಯ ಉದಾಹರಣೆ. 2,056 ಚೂರುಗಳ ಆ ಸೆಟ್ಟಿನಿಂದ ಮಾಡ್ಯುಲರ್ ಕಟ್ಟಡಗಳ ಸರಣಿ ಆರಂಭವಾಯಿತು. ಒಂದರ ಪಕ್ಕ ಒಂದು ನಿಲ್ಲಿಸಿದರೆ ಬೀದಿಯೇ ಆಗುವ ಕಟ್ಟಡಗಳಿವು. ಸರಣಿಗೆ ಹೊಸದು ಸೇರಿದಂತೆಲ್ಲ, ತಡವಾಗಿ ಬಂದ ಸಂಗ್ರಾಹಕರಿಗೆ ಹಿಂದಿನವೂ ಬೇಕೆನಿಸುತ್ತದೆ. ಇಂಥ ಸರಣಿಗಳಲ್ಲಿ ಹಳೆಯ ಸೆಟ್ಟಿಗೆ ಬೇಡಿಕೆ ತಾನಾಗಿ ನವೀಕರಣಗೊಳ್ಳುತ್ತಿರುತ್ತದೆ, ಆದ್ದರಿಂದ ಹೊಸಬರು ಇಲ್ಲಿಂದಲೇ ಆರಂಭಿಸುವುದು ಒಳಿತು.

ಲಾಟರಿಯಂಥ ಅಪರೂಪಗಳ ಹಿಂದೆ ಹೋಗಬೇಡಿ. 2013ರ ಮಿನಿಫಿಗರ್ ಸರಣಿಯೊಂದರಲ್ಲಿ ‘ಮಿಸ್ಟರ್ ಗೋಲ್ಡ್’ ಎಂಬ ಚಿನ್ನದ ಬಣ್ಣದ ಗೊಂಬೆಯನ್ನು ಜಗತ್ತಿಗೆಲ್ಲ 5,000 ಮಾತ್ರ ಬಿಡಲಾಯಿತು. ಯಾವ ಪೊಟ್ಟಣದಲ್ಲಿ ಇದೆಯೆಂದು ಯಾರಿಗೂ ತಿಳಿಯದು. ಸಿಕ್ಕವರಿಗೆ ಸಂತೋಷವೇ. ಆದರೆ ಅದನ್ನು ನೆಚ್ಚಿ ಪೊಟ್ಟಣಗಳನ್ನು ರಾಶಿ ಹಾಕಿದರೆ ವ್ಯವಹಾರ ಆಗುವುದಿಲ್ಲ.

ಎರಡನೆಯ ಹೆಜ್ಜೆ: ಯಾವಾಗ ನಿಲ್ಲುತ್ತದೆ, ಮತ್ತೆ ಬರುತ್ತದೆಯೇ?

ಸಾಮಾನ್ಯ ಸೆಟ್ ಒಂದೂವರೆಯಿಂದ ಎರಡು ವರ್ಷ ಮಾರುಕಟ್ಟೆಯಲ್ಲಿರುತ್ತದೆ. ವಯಸ್ಕರಿಗೆಂದು ಮಾಡಿದ ದೊಡ್ಡ ಸೆಟ್‌ಗಳು ಇನ್ನೂ ಕೆಲವು ವರ್ಷ ಉಳಿಯುವುದುಂಟು. ಕಂಪನಿಯ ಅಧಿಕೃತ ಜಾಲತಾಣ ‘ಶೀಘ್ರದಲ್ಲೇ ನಿವೃತ್ತಿ’, ಅಂದರೆ ತಯಾರಿಕೆ ನಿಲ್ಲಲಿದೆ, ಎಂಬ ಅರ್ಥದ ಗುರುತು ಹಾಕುತ್ತದೆ. ಸಂಗ್ರಾಹಕರು ಹಂಚಿಕೊಳ್ಳುವ ಪಟ್ಟಿಗಳೂ ಇವೆ. ಅವುಗಳನ್ನು ಸುಳಿವೆಂದಷ್ಟೇ ತೆಗೆದುಕೊಳ್ಳಿ, ಏಕೆಂದರೆ ಕಂಪನಿ ದಿನಾಂಕ ಮುಂದೂಡುವುದು ಅಪರೂಪವಲ್ಲ. ಸೆಟ್ ಬಿಡುಗಡೆಯಾದ ವಾರವೇ ಕೊಂಡಿಡುವುದರಿಂದ ಏನೂ ಸಿಗದು: ಅಷ್ಟು ವರ್ಷ ಹಣ ಕಟ್ಟಿಬೀಳುತ್ತದೆ, ಜಾಗವೂ ಹೋಗುತ್ತದೆ. ಕೊನೆಯ ಆರು ತಿಂಗಳಲ್ಲಿ ರಿಯಾಯಿತಿ ಸಿಕ್ಕಾಗ ಕೊಳ್ಳುವುದು ಜಾಣತನ.

ತಯಾರಿಕೆ ನಿಂತ ಮರುದಿನವೇ ಬೆಲೆ ಏರುವುದೂ ಇಲ್ಲ. ಅಂಗಡಿಗಳಲ್ಲಿ, ಗೋದಾಮುಗಳಲ್ಲಿ, ನಿಮ್ಮಂತೆಯೇ ಯೋಚಿಸಿದ ಇತರರ ಕೋಣೆಗಳಲ್ಲಿ ದಾಸ್ತಾನು ಇರುತ್ತದೆ. ಅದು ಕರಗಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು. ಮಗಳ ಶುಲ್ಕಕ್ಕೋ ಮನೆ ಬಾಡಿಗೆಗೋ ಬೇಕಾಗಬಹುದಾದ ಹಣವನ್ನು ಇಲ್ಲಿ ಹೂಡಲೇಬಾರದು.

ಇನ್ನು ಮರುಬಿಡುಗಡೆಯ ಅಪಾಯ. ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅನುಭವಿಗಳಿಗೂ ಪೆಟ್ಟು ಬಿದ್ದಿರುವುದು ಇಲ್ಲಿಯೇ. 2008ರಲ್ಲಿ ಬಂದ 10189 ಸಂಖ್ಯೆಯ ತಾಜ್ ಮಹಲ್ ಸುಮಾರು 5,900 ಚೂರುಗಳ ಸೆಟ್. ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತ್ತು. 2017ರಲ್ಲಿ ಕಂಪನಿ ಬಹುತೇಕ ಅದೇ ಮಾದರಿಯನ್ನು 10256 ಎಂಬ ಹೊಸ ಸಂಖ್ಯೆಯಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಹಳೆಯ ಪೆಟ್ಟಿಗೆಯ ಬೆಲೆ ಜಾರಿತು. ಅದೇ ವರ್ಷ ‘ಸ್ಟಾರ್ ವಾರ್ಸ್’ ಚಿತ್ರಗಳ ಬಾಹ್ಯಾಕಾಶ ನೌಕೆಯಾದ ಮಿಲೇನಿಯಂ ಫಾಲ್ಕನ್‌ನ 2007ರ ಸೆಟ್ಟಿಗೂ ಹೀಗೆಯೇ ಆಯಿತು. 75192 ಸಂಖ್ಯೆಯ, 7,541 ಚೂರುಗಳ ಹೊಸ ನೌಕೆ ಹಳೆಯದಕ್ಕಿಂತ ದೊಡ್ಡದಾಗಿಯೂ ಚೆಂದವಾಗಿಯೂ ಇತ್ತು. ಹಳೆಯದನ್ನು ಜೋಡಿಸಬೇಕೆಂಬ ಹಂಬಲ ಹೊಸದರಿಂದಲೇ ತೀರುವಂತಾದರೆ, ಹಳೆಯದಕ್ಕೆ ಹೆಚ್ಚು ಬೆಲೆ ಕೊಡುವವರು ಮೂಲ ಪ್ರತಿಯೇ ಬೇಕೆನ್ನುವ ಕೆಲವರು ಮಾತ್ರ. ಹೀಗಾಗಿ ಪ್ರಸಿದ್ಧ ನೌಕೆ, ಪ್ರಸಿದ್ಧ ಕಟ್ಟಡಗಳ ವಿಷಯದಲ್ಲಿ ಹತ್ತು ವರ್ಷ ಕಾಯುವ ಯೋಜನೆ ಹಾಕಬೇಡಿ. ಲಾಭ ಕಂಡಾಗ ಮಾರಿಬಿಡಿ. ಒಂದೇ ಸೆಟ್ಟಿನ ಹತ್ತು ಪೆಟ್ಟಿಗೆ ಕೊಳ್ಳುವ ಬದಲು ಐದು ಬಗೆಯ ಎರಡೆರಡು ಕೊಳ್ಳುವುದು ಕ್ಷೇಮ.

ಮೂರನೆಯ ಹೆಜ್ಜೆ: ಕೊಳ್ಳುವ ದರ

ಒಂದು ಲೆಕ್ಕ ಹಾಕೋಣ. ಸೆಟ್ಟಿನ ಮುದ್ರಿತ ಬೆಲೆ 100 ಎಂದಿಟ್ಟುಕೊಳ್ಳಿ. ಮೂರು ವರ್ಷದ ಬಳಿಕ ಅದು 150ಕ್ಕೆ ಮಾರಾಟವಾಯಿತು. ಮಾರಾಟ ತಾಣದ ಕಮಿಷನ್ ಶೇ 12 ಆದರೆ 18 ಹೋಯಿತು. ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 12 ಎನ್ನೋಣ. ಕೈಗೆ ಬಂದದ್ದು 120. ಪೂರ್ತಿ ಬೆಲೆಗೆ ಕೊಂಡವರಿಗೆ ಮೂರು ವರ್ಷಕ್ಕೆ 20 ಲಾಭ, ಅಂದರೆ ವರ್ಷಕ್ಕೆ ಶೇ 6ರ ಆಸುಪಾಸು. ಅದೇ ಸೆಟ್ಟನ್ನು ಕಾಲು ಭಾಗ ರಿಯಾಯಿತಿಯಲ್ಲಿ 75ಕ್ಕೆ ಕೊಂಡವರಿಗೆ 45 ಲಾಭ. ವರ್ಷಕ್ಕೆ ಸುಮಾರು ಶೇ 17. ಇಬ್ಬರೂ ಮಾರಿದ್ದು ಒಂದೇ ದರಕ್ಕೆ. ವ್ಯತ್ಯಾಸವೆಲ್ಲ ಕೊಂಡ ದಿನವೇ ತೀರ್ಮಾನವಾಗಿತ್ತು. ಜಾಗದ ಖರ್ಚು, ಆದಾಯ ತೆರಿಗೆ ಇವನ್ನು ನಾನು ಇಲ್ಲಿ ಸೇರಿಸಿಲ್ಲ. ನೀವು ಸೇರಿಸಿಯೇ ನೋಡಬೇಕು. ಪ್ರತಿ ಪೆಟ್ಟಿಗೆಗೂ ಕೊಂಡ ದಿನ, ದರ, ರಸೀದಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮೊದಲ ದಿನದಿಂದ ಇರಲಿ.

ನಿರೀಕ್ಷಿತ ಮಾರಾಟ ದರವನ್ನು ಊಹಿಸಲು ಜನ ಕೇಳುತ್ತಿರುವ ಬೆಲೆಯನ್ನು ನೋಡುತ್ತಾರೆ. ಕೇಳುವುದಕ್ಕೆ ಮಿತಿಯಿಲ್ಲ. ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. 2000ದಲ್ಲಿ ಶುರುವಾಗಿ 2019ರಲ್ಲಿ ಲೆಗೊ ಸಮೂಹದ ಒಡೆತನಕ್ಕೆ ಬಂದ, ಲೆಗೊ ಸೆಟ್ ಮತ್ತು ಚೂರುಗಳನ್ನು ಕೊಂಡು ಮಾರುವ ಬ್ರಿಕ್‌ಲಿಂಕ್ ತಾಣದ ಬೆಲೆ ಮಾರ್ಗದರ್ಶಿಯಲ್ಲಿ ಕಳೆದ ಆರು ತಿಂಗಳ ಮಾರಾಟದ ವಿವರ ಸಿಗುತ್ತದೆ. ಇಬೇಯಲ್ಲೂ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಸೌಲಭ್ಯವಿದೆ. ದರದ ಜೊತೆ ಸಂಖ್ಯೆಯನ್ನೂ ಗಮನಿಸಿ: ಆರು ತಿಂಗಳಲ್ಲಿ ಎರಡೇ ಮಾರಾಟವಾಗಿ ಇನ್ನೂರು ಪೆಟ್ಟಿಗೆಗಳು ಕಾದು ಕುಳಿತಿದ್ದರೆ ಆ ಸೆಟ್ ಕಡೆ ಸುಳಿಯಬೇಡಿ.

ಅಂಗಡಿಯ ಬದಲು ಖಾಸಗಿಯಾಗಿ ಮಾರುವವರಿಂದ ಕೊಳ್ಳುವಾಗ ಎಚ್ಚರ ಹೆಚ್ಚಿರಲಿ. ಅಸಲಿ ಬ್ಲಾಕಿನ ಪ್ರತಿ ಗುಬುಟಿನ ಮೇಲೂ ಕಂಪನಿಯ ಹೆಸರು ಉಬ್ಬಾಗಿ ಮೂಡಿರುತ್ತದೆ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದನ್ನು ನೋಡಲಾಗದು. ಅಲ್ಲಿ ನೋಡಬೇಕಾದದ್ದು ಸೀಲ್‌ಗಳನ್ನು: ಅಂಟು ಎರಡು ಬಾರಿ ಹಚ್ಚಿದ ಗುರುತು, ಸೀಲಿನ ಕೆಳಗೆ ಸುಲಿದ ಕಾಗದ, ಮಡಿಕೆಯಲ್ಲಿ ಬಿಳಿ ಗೀರು ಕಂಡರೆ ಅನುಮಾನಿಸಿ. ತೂಕ ಹಾಕಿ ಅದೇ ಸೆಟ್ಟಿನ ಮತ್ತೊಂದು ಪೆಟ್ಟಿಗೆಯೊಂದಿಗೆ ಹೋಲಿಸುವುದೂ ಉಪಯುಕ್ತ. ಮಾರುಕಟ್ಟೆಗಿಂತ ತೀರಾ ಅಗ್ಗಕ್ಕೆ, ಸಗಟಾಗಿ, ರಸೀದಿಯಿಲ್ಲದೆ ಬರುವ ಸರಕು ಕದ್ದದ್ದಾಗಿರಬಹುದು. 2024ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಒಂದೇ ಪ್ರಕರಣದಲ್ಲಿ ಕಳವಾದ 2,800ಕ್ಕೂ ಹೆಚ್ಚು ಲೆಗೊ ಪೆಟ್ಟಿಗೆಗಳನ್ನು ವಶಪಡಿಸಿಕೊಂಡರು. ಅಂಥ ಸರಕನ್ನು ಮುಟ್ಟಬೇಡಿ.

ಅಂಗಡಿಗೆ ಆಗಷ್ಟೇ ಬಂದ ಮಕ್ಕಳ ಸೆಟ್‌ಗಳನ್ನು ಕಪಾಟು ಖಾಲಿಯಾಗುವಂತೆ ಬಾಚಿಕೊಳ್ಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹುಟ್ಟುಹಬ್ಬಕ್ಕೆಂದು ಬಂದ ಮಗು ಬರಿಗೈಯಲ್ಲಿ ಹಿಂದಿರುಗುವಂತೆ ಮಾಡಿ ಗಳಿಸುವ ಲಾಭ ಬೇಡ. ನಿವೃತ್ತಿಯ ಅಂಚಿನಲ್ಲಿ, ಅಂಗಡಿಯೇ ರಿಯಾಯಿತಿ ಕೊಟ್ಟು ಖಾಲಿ ಮಾಡುತ್ತಿರುವಾಗ ಕೊಂಡರೆ ಯಾರಿಗೂ ತೊಂದರೆಯಿಲ್ಲ, ದರವೂ ಕಡಿಮೆ.

ನಾಲ್ಕನೆಯ ಹೆಜ್ಜೆ: ಜೋಪಾನ

ಪೆಟ್ಟಿಗೆಯ ಮೂಲೆ ಜಜ್ಜಿದರೂ ಸಂಗ್ರಾಹಕರು ಬೆಲೆ ತಗ್ಗಿಸುತ್ತಾರೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಕುಗ್ಗುತ್ತದೆ, ಪುಸ್ತಕದಂತೆ ನಿಲ್ಲಿಸಿಡಿ. ನೆಲಕ್ಕೆ ತಾಗಿಸದೆ ಕಪಾಟಿನಲ್ಲಿಡಿ. ನೇರ ಬಿಸಿಲು ಬೀಳಲೇಬಾರದು, ಏಕೆಂದರೆ ಮುದ್ರಣ ಮಾಸುತ್ತದೆ. ತೆರೆದ ಸೆಟ್ ಆದರೆ ಬಿಳಿ, ನೀಲಿ, ಬೂದು ಚೂರುಗಳು ಹಳದಿಗೆ ತಿರುಗುತ್ತವೆ. ಲೆಗೊ 1963ರಿಂದ ಬಳಸುತ್ತಿರುವ ಎಬಿಎಸ್ ಪ್ಲಾಸ್ಟಿಕ್ ಗಟ್ಟಿಯೇ, ಆದರೆ ಅತಿನೇರಳೆ ಕಿರಣ ಅದನ್ನು ಬಿಡುವುದಿಲ್ಲ. ತೇವ ಇನ್ನೂ ಕೆಟ್ಟದ್ದು. ಪೆಟ್ಟಿಗೆಯ ಕಾಗದ ಉಬ್ಬುತ್ತದೆ, ಒಳಗಿನ ಸ್ಟಿಕ್ಕರ್ ಹಾಳೆ ಸುರುಳಿಯಾಗುತ್ತದೆ, ಕಾಗದ ತಿನ್ನುವ ಹುಳುಗಳು ಬರುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಾಲಕಾಲಕ್ಕೆ ಬದಲಿಸಿ. ಸಿಗರೇಟಿನ ಹೊಗೆ, ಅಡುಗೆಯ ಘಾಟು ಇರುವಲ್ಲಿ ಇಡಬೇಡಿ. ಆ ವಾಸನೆ ಪೆಟ್ಟಿಗೆಗೆ ಹಿಡಿದರೆ ಹೋಗುವುದಿಲ್ಲ.

ಬಳಸಿದ ಸೆಟ್‌ಗಳಲ್ಲೂ ವ್ಯಾಪಾರವಿದೆ, ಮತ್ತು ತಾಳ್ಮೆ ಇರುವವರಿಗೆ ಅಲ್ಲಿ ಲಾಭದ ಅಂತರ ದೊಡ್ಡದು. ಮಕ್ಕಳು ಬೆಳೆದ ಮನೆಗಳಿಂದ ಬರುವ ಬೆರಕೆ ಚೂರುಗಳ ರಾಶಿಯನ್ನು ತೂಕದ ಲೆಕ್ಕದಲ್ಲಿ ಕೊಂಡು, 40 ಡಿಗ್ರಿ ಮೀರದ ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಮೊದಲು ಮಿನಿಫಿಗರ್‌ಗಳನ್ನು ಬೇರ್ಪಡಿಸಬೇಕು. ಹಲವು ಸೆಟ್‌ಗಳ ಮೌಲ್ಯದ ದೊಡ್ಡ ಪಾಲು ಇರುವುದು ಅವುಗಳಲ್ಲೇ. ಜೋಡಣೆಯ ಪುಸ್ತಿಕೆ ಇಲ್ಲದಿದ್ದರೂ ಕಂಪನಿಯ ಜಾಲತಾಣದಲ್ಲಿ ಬಹುಪಾಲು ಸಿಗುತ್ತದೆ. ಚೂರುಗಳನ್ನು ಎಣಿಸಿ, ಕೊರತೆಯಿರುವುದನ್ನು ಬಿಡಿಯಾಗಿ ಕೊಂಡು ಪೂರ್ಣಗೊಳಿಸಿ. ಹಿಂದಿನ ಕೆಲವು ವರ್ಷಗಳ ಕೆಂಗಂದು ಬಣ್ಣದ ಚೂರುಗಳು ಒತ್ತಿದರೆ ಸೀಳುವಷ್ಟು ಪೆಡಸಾಗಿರುತ್ತವೆ. ಅವನ್ನು ಬಲವಂತವಾಗಿ ಬಿಡಿಸಬೇಡಿ.

ಐದನೆಯ ಹೆಜ್ಜೆ: ಮಾರಾಟ

ಹಬ್ಬದ ಉಡುಗೊರೆಗಳ ಕಾಲದಲ್ಲಿ, ವಿಶೇಷವಾಗಿ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ, ಬೇಡಿಕೆ ಚುರುಕಾಗಿರುತ್ತದೆ. ಫೋಟೊಗಳು ಪ್ರಾಮಾಣಿಕವಾಗಿರಲಿ. ಆರೂ ಬದಿ, ಎಲ್ಲ ಸೀಲ್‌ಗಳು, ಇದ್ದರೆ ಮೂಲೆಯ ಜಜ್ಜು, ಎಲ್ಲವೂ ಹಗಲು ಬೆಳಕಿನಲ್ಲಿ ಕಾಣಬೇಕು. ದೋಷವನ್ನು ಮೊದಲೇ ಹೇಳಿದ ಮಾರಾಟಗಾರರ ಬಳಿ ಸಂಗ್ರಾಹಕರು ಮತ್ತೆ ಬರುತ್ತಾರೆ, ಸ್ನೇಹಿತರನ್ನೂ ಕಳಿಸುತ್ತಾರೆ.

ಸಾಗಣೆಯಲ್ಲಿ ಹೊಸಬರ ಲಾಭ ಸೋರಿಹೋಗುವುದು ಗಾತ್ರದ ತೂಕದಿಂದ. ದೊಡ್ಡ ಕೊರಿಯರ್ ಕಂಪನಿಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಶುಲ್ಕ. 60, 50, 25 ಸೆಂಟಿಮೀಟರಿನ ಪೆಟ್ಟಿಗೆ ತಕ್ಕಡಿಯಲ್ಲಿ 9 ಕಿಲೋ ತೂಗಿದರೂ ಬಿಲ್ಲು ಬರುವುದು 15 ಕಿಲೋಗೆ. ಆದ್ದರಿಂದ ಜಾಹೀರಾತು ಹಾಕುವ ಮುನ್ನವೇ ಪ್ಯಾಕ್ ಮಾಡಿ ಅಳೆದುಕೊಳ್ಳಿ. ಸೆಟ್ಟಿನ ಸುತ್ತ ಎಲ್ಲ ಕಡೆಯೂ ಎರಡು ಬೆರಳಗಲ ಮೆತ್ತನೆಯ ತುಂಬು ಇರುವ ಗಟ್ಟಿ ರಟ್ಟಿನ ಪೆಟ್ಟಿಗೆಯೇ ಬೇಕು. ಸೆಟ್ಟಿನ ಮೇಲೆ ನೇರವಾಗಿ ಟೇಪು ಅಥವಾ ವಿಳಾಸದ ಚೀಟಿ ಅಂಟಿಸಿದರೆ ಮೌಲ್ಯ ಅಲ್ಲಿಗೇ ಹೋಯಿತು. ದುಬಾರಿ ಸೆಟ್ಟಿಗೆ ವಿಮೆ ಮಾಡಿಸಿ. ಪ್ಯಾಕ್ ಮಾಡುವುದನ್ನು ಸೀಲ್‌ಗಳು ಕಾಣುವಂತೆ ಒಂದೇ ಓಟದಲ್ಲಿ ವಿಡಿಯೊ ಮಾಡಿ, ಮರಳಿಸುವ ಅವಧಿ ಮುಗಿಯುವವರೆಗೆ ಅದನ್ನು ಅಳಿಸದೆ ಉಳಿಸಿಕೊಳ್ಳಿ.