ತಲೆಯ ಎಂಆರ್‌ಐ ರಿಪೋರ್ಟ್ ಕೈಗೆ ಬಂತಾ? ಹೀಗೆ ಓದಿ

ಮೈಸೂರಿನಲ್ಲಿ ಸ್ಕ್ಯಾನ್ ಮುಗಿಸಿ ಮಂಡ್ಯದ ಬಸ್ಸು ಹತ್ತುವಷ್ಟರಲ್ಲಿ ರಿಪೋರ್ಟಿನ ಫೋಟೊ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತದೆ. ಬಸ್ಸು ಶ್ರೀರಂಗಪಟ್ಟಣ ದಾಟುವ ಮುಂಚೆ ಬೆಂಗಳೂರಿನ ಸೋದರಳಿಯ ಅದರಲ್ಲಿರೋ ಒಂದು ಪದ ಗೂಗಲ್ ಮಾಡಿ, "ಅತ್ತೆ, ಯಾಕೋ ದೊಡ್ಡದೇ ಇದ್ದಂಗದೆ" ಅಂತ ಹಾಕಿಬಿಟ್ಟಿರುತ್ತಾನೆ. ಓದಬೇಡಿ ಅಂತ ನಾನು ಹೇಳಲ್ಲ. ಓದಿ, ಆದರೆ ಓದೋಕೂ ಒಂದು ಕ್ರಮ ಇದೆ.

ಮೊದಲು ಮೇಲ್ಭಾಗ ನೋಡಿ. ಹೆಸರು, ವಯಸ್ಸು, ಸ್ಕ್ಯಾನ್ ಯಾಕೆ ಅನ್ನೋ ಸಾಲು. ಅಮ್ಮ ದೇವರಾಜ ಮಾರ್ಕೆಟ್ಟಿಂದ ಮನೆಗೆ ಬರೋ ದಾರಿ ಮರೀತಿದ್ದಾರೆ, ಅಲ್ಲಿ ಬರೆದಿರೋದು ಬರೀ 'ತಲೆನೋವು' ಅಂತಿದ್ದರೆ, ಸ್ಕ್ಯಾನ್ ಓದಿದವರಿಗೆ ನಿಮ್ಮ ಕಥೆ ಗೊತ್ತೇ ಆಗಿಲ್ಲ ಅಂತ ಅರ್ಥ. ಅದನ್ನು ಡಾಕ್ಟರಿಗೆ ತೋರಿಸಿ ಹೇಳಿ. ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದನ್ನೂ ಬಿಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಮಧ್ಯದ್ದೆಲ್ಲ ಬಿಟ್ಟು ನೇರ ಕೊನೆಗೆ, 'ಇಂಪ್ರೆಶನ್' ಅನ್ನೋ ಕಡೆಗೆ, ಅಂದರೆ ಸ್ಕ್ಯಾನ್ ಓದಿದವರ ಒಟ್ಟು ಅಭಿಪ್ರಾಯ ಇರೋ ಕಡೆಗೆ ಹೋಗಿ. 'ಮಾಸ್ ಎಫೆಕ್ಟ್', 'ಮಿಡ್‌ಲೈನ್ ಶಿಫ್ಟ್' ಅಂತಿದ್ದರೆ ಒಳಗೆ ಏನೋ ಮಿದುಳನ್ನು ಒತ್ತುತ್ತಿದೆ. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರನ್ನು ಕಾಣಿ.

ಜನ ಜಾಸ್ತಿ ಹೆದರೋ ಪದ 'ಅಟ್ರೋಫಿ'. ಮಿದುಳು ಕುಗ್ಗಿದೆ ಅಂತ. ಎಪ್ಪತ್ತು ದಾಟಿದವರಲ್ಲಿ ಇದು ಸಾಮಾನ್ಯ, ಪಕ್ಕದಲ್ಲಿ 'ಏಜ್ ರಿಲೇಟೆಡ್' ಅಂತಿದ್ದರೆ ಅದೊಂದಕ್ಕೇ ಗಾಬರಿ ಬೇಡ. ನೆನಪಿನ ಕೆಲಸ ಮಾಡೋ ಹಿಪ್ಪೊಕ್ಯಾಂಪಸ್ ಜಾಸ್ತಿ ಕುಗ್ಗಿದ್ದು, ಮನೆಯಲ್ಲೂ ಮರೆವು ಕಾಣ್ತಿದ್ದರೆ ಆಲ್‌ಝೈಮರ್ ಅನುಮಾನ ಬರುತ್ತದೆ. ಹಾಗಂತ ಬರೀ ಚಿತ್ರ ನೋಡಿ ಹೇಳೋಕಾಗಲ್ಲ. 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್‌ಝೈಮರ್, 55ರಲ್ಲಿ ತೀರಿಕೊಂಡ ಹೆಂಗಸೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡಿದ್ದು ಎರಡು: ಜೀವಕೋಶಗಳ ಹೊರಗೆ ಪ್ರೋಟೀನಿನ ಗುಪ್ಪೆ, ಒಳಗೆ ಎಳೆಗಳ ಸಿಕ್ಕು. ಇವೆರಡೂ ಮಾಮೂಲಿ ಎಂಆರ್‌ಐನಲ್ಲಿ ಕಾಣಲ್ಲ. ಕಾಣೋದು ಅದರಿಂದಾದ ಕುಗ್ಗುವಿಕೆ ಮಾತ್ರ, ಅದೂ ತಡವಾಗಿ.

ಹಾಗಾಗಿ ಮರೆವಿಗೆ ಸ್ಕ್ಯಾನ್ ಮಾಡಿಸೋದೇ ಮುಖ್ಯವಾಗಿ ವಾಸಿ ಮಾಡಬಹುದಾದ್ದು ಏನಾದರೂ ಸಿಗುತ್ತಾ ಅಂತ. 'ಸಬ್‌ಡ್ಯೂರಲ್' ಅಂತಿದೆಯಾ ನೋಡಿ. ವಯಸ್ಸಾದವರು ಬಿದ್ದಾಗ ಮಿದುಳಿನ ಮೇಲೆ ರಕ್ತ ನಿಧಾನಕ್ಕೆ ಜಿನುಗಿ, ವಾರಗಳಾದ ಮೇಲೆ ಮಂಕು, ಮರೆವು ಶುರುವಾಗುತ್ತದೆ. ಬುರುಡೆಗೆ ಸಣ್ಣ ತೂತು ಮಾಡಿ ಆ ರಕ್ತ ತೆಗೆದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಬಚ್ಚಲ ಕಥೆ ಅದಕ್ಕೇ ಮುಖ್ಯ. 'ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್' ಇನ್ನೊಂದು, ಮಿದುಳೊಳಗೆ ನೀರು ತುಂಬಿಕೊಳ್ಳೋದು: ಕೆಸರುಗದ್ದೆಯಲ್ಲಿ ಕಾಲು ಕಿತ್ತಿಟ್ಟ ಹಾಗೆ ನಡೆಯೋದು, ಉಚ್ಚೆ ತಡೆಯೋಕಾಗದಿರೋದು, ಜೊತೆಗೆ ಮರೆವು. ಇದಕ್ಕೆ ಶಂಟ್, ಅಂದರೆ ಆ ನೀರು ಹರಿದುಹೋಗೋಕೆ ಸಣ್ಣ ಕೊಳವೆ, ಹಾಕುತ್ತಾರೆ. ಮರೆವು ತರಬಲ್ಲ ವಿಟಮಿನ್ ಬಿ12, ಥೈರಾಯ್ಡ್ ಕೊರತೆಯನ್ನು ಸ್ಕ್ಯಾನ್ ನೋಡಿ ಹೇಳೋಕಾಗಲ್ಲ, ರಕ್ತಪರೀಕ್ಷೆಯೇ ಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗೋ ಶುಗರಿನವರಲ್ಲಂತೂ ಬಿ12 ಕಡಿಮೆಯಾಗೋದು ಹೊಸದೇನಲ್ಲ.

ಇನ್ನು ಬಿಳಿ ಚುಕ್ಕೆ. 'ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ' ಅಂತ ಬರೆದಿರುತ್ತಾರೆ. ಬಿಪಿ, ಶುಗರ್ ಇರೋ ಹಿರಿಯರಲ್ಲಿ ಅದು ಹೆಚ್ಚಾಗಿ ಸಣ್ಣ ರಕ್ತನಾಳಗಳ ತೊಂದರೆ. ಇಪ್ಪತ್ತೆಂಟರ ಹುಡುಗಿಗೆ ಒಂದು ಕಣ್ಣು ಮಂಜಾಗಿ ಆಮೇಲೆ ಸರಿಹೋಗಿ, ಈಗ ಕಾಲು ಜೋಮು ಹಿಡಿದಿದ್ದರೆ ಅದೇ ಚುಕ್ಕೆಯ ಅರ್ಥ ಬೇರೆ. ನರದ ಎಳೆಗಳ ಮೇಲಿರೋ ಮೈಲಿನ್ ಅನ್ನೋ ಪದರವನ್ನು ದೇಹದ ರೋಗನಿರೋಧಕ ಶಕ್ತಿಯೇ ಕೆಡಿಸುತ್ತಿರಬಹುದು. ಅದೇ ಡಿಮೈಲಿನೇಷನ್. ಇಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: "ಅಕ್ವಾಪೊರಿನ್-4 ಪರೀಕ್ಷೆ ಬೇಕಾ ಡಾಕ್ಟ್ರೇ?" ಅದು ಒಂದು ರಕ್ತಪರೀಕ್ಷೆ. ಹೀಗೆ ಮೈಲಿನ್ ಕೆಡೋ ಕಾಯಿಲೆ ಮಲ್ಟಿಪಲ್ ಸ್ಕ್ಲೀರೋಸಿಸ್, ಅದರ ಥರಾನೇ ಕಾಣೋ ಎನ್‌ಎಂಒ ಅನ್ನೋ ಇನ್ನೊಂದು ಕಾಯಿಲೆ ಇದೆ, ಅದನ್ನು ಗುರುತಿಸೋಕೆ ಈ ಪರೀಕ್ಷೆ. ಮೊದಲನೆಯದಕ್ಕೆ ಕೊಡೋ ಕೆಲವು ಔಷಧಿ ಎರಡನೆಯದನ್ನು ಹೆಚ್ಚಿಸುತ್ತವೆ.

'ರಿಂಗ್ ಎನ್‌ಹಾನ್ಸಿಂಗ್ ಲೀಷನ್', ಅಂದರೆ ಸ್ಕ್ಯಾನಿನಲ್ಲಿ ಅಂಚು ಉಂಗುರದ ಹಾಗೆ ಹೊಳೆಯೋ ಗಂಟು, ಅಂದ ತಕ್ಷಣ ಕ್ಯಾನ್ಸರ್ ಅಂದುಕೊಳ್ಳಬೇಡಿ. ನಮ್ಮ ಕಡೆ ಅದು ಟಿಬಿ ಗಂಟೋ ಹಂದಿಯ ಲಾಡಿಹುಳುವಿನ ಮರಿಯೋ ಆಗಿರಬಹುದು. "ನಾವು ಸೊಪ್ಪು-ಸಾರಿನವರು, ನಮಗ್ಯಾಕೆ ಹಂದಿ ಹುಳು?" ಅಂತೀರಾ? ಆ ಹುಳುವಿನ ಮೊಟ್ಟೆ ಹಸಿ ತರಕಾರಿ, ಸರಿಯಾಗಿ ತೊಳೆಯದ ಕೈಯಿಂದಲೂ ಹೊಟ್ಟೆಗೆ ಹೋಗುತ್ತದೆ, ಹಂದಿ ತಿನ್ನಲೇಬೇಕು ಅಂತೇನಿಲ್ಲ.

ಗಡ್ಡೆ ಅಂತಲೇ ಬರೆದಿದ್ದರೂ ಗಡ್ಡೆಗಳೆಲ್ಲ ಒಂದೇ ಅಲ್ಲ. ಮಿದುಳಿನ ಹೊದಿಕೆಯಲ್ಲಿ ಹುಟ್ಟೋ ಮೆನಿಂಜಿಯೋಮ ಬಹುಪಾಲು ಕ್ಯಾನ್ಸರ್ ಅಲ್ಲ, ಸಣ್ಣದಿದ್ದರೆ ಸುಮ್ನೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿರುತ್ತಾರೆ. ಮಿದುಳಿನೊಳಗೇ ಬೆಳೆಯೋ ಗ್ಲಯೋಮ ಬೇರೆ ಜಾತಿ. ಅದರಲ್ಲಿ ಗ್ಲಯೋಬ್ಲಾಸ್ಟೋಮ ನಾಲ್ಕನೇ ಗ್ರೇಡು, ಕೆಟ್ಟದ್ದು. ಶ್ವಾಸಕೋಶ, ಸ್ತನದ ಕ್ಯಾನ್ಸರ್ ಇಲ್ಲಿಗೆ ಹರಡಿರಲೂಬಹುದು. ಗ್ಲಯೋಮ ಯಾವ ಬಗೆ ಅಂತ ಕೊನೆಗೆ ಹೇಳೋದು ಪೆಥಾಲಜಿಯವರು, ತುಣುಕು ತೆಗೆದು ನೋಡಿ. ಈಗ ಐಡಿಎಚ್ ಅನ್ನೋ ಜೀನಿನಲ್ಲಿ ಬದಲಾವಣೆ ಇದೆಯಾ ಅಂತಲೂ ನೋಡುತ್ತಾರೆ. ಗಡ್ಡೆಯ ಹೆಸರು, ಚಿಕಿತ್ಸೆ ಎರಡೂ ಅದರ ಮೇಲಿವೆ.

ಹೀಗೆ ತುಣುಕು ತೆಗೆಯೋ ಬಯಾಪ್ಸಿ ಆಗಿದ್ದರೆ ಬರೀ ಕಾಗದ ತಂದು ಸುಮ್ಮನಾಗಬೇಡಿ. ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ 'ಬ್ಲಾಕ್' ಅಂತಾರೆ. ಇನ್ನೊಬ್ಬರ ಅಭಿಪ್ರಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಹೊರಟರೆ ಆ ಬ್ಲಾಕ್, ಗಾಜಿನ ಸ್ಲೈಡ್, ಸ್ಕ್ಯಾನಿನ ಸಿಡಿ, ಹಳೆಯ ಫಿಲಂ ಇದ್ದರೆ ಅದೂ, ಎಲ್ಲ ಕೇಳಿ ಪಡೆದುಕೊಂಡು ಹೋಗಿ.