ಜಿಗ್‌ಸಾದಲ್ಲಿ ಕೊಯ್ಯುವಾಗ ಸಿಬಿರೇಳದಿರಲು

ಬದಿಯಡ್ಕ, ಪೆರ್ಲ ಕಡೆಯ ಹಲವರು ಈ ಮಳೆಗಾಲದಲ್ಲಿ ಮನೆಯಲ್ಲೇ ಕಪಾಟು ಮಾಡಲು ಹೊರಟಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಜಿಗ್‌ಸಾ ಅಂದರೆ ಸಪೂರ ಬ್ಲೇಡ್ ಮೇಲೆ ಕೆಳಗೆ ಆಡುತ್ತ ಕೊಯ್ಯುವ ಕರೆಂಟಿನ ಕೈಗರಗಸ. ಅದರ ಸಾಮಾನ್ಯ ಬ್ಲೇಡಿನ ಹಲ್ಲು ಮೇಲ್ಮುಖ, ಮೇಲೆ ಬರುವಾಗಲೇ ಕೊಯ್ಯುತ್ತದೆ. ಹಾಗಾಗಿ ಸಿಬಿರೇಳುವುದು ಮೇಲ್ಬದಿಯಲ್ಲಿ. ಮೈಕಾ ಹಾಕಿದ ಪ್ಲೈವುಡ್ಡಾದರೆ ಚಂದದ ಬದಿಯನ್ನು ಕೆಳಗೆ ಮಾಡಿ, ಗೆರೆಯನ್ನು ಹಿಂಬದಿಗೆ ಎಳೆಯಿರಿ. ಸಿಂಕ್ ಕೂರಿಸುವಾಗಿನಂತೆ ಮೇಲಿನಿಂದಲೇ ಕೊಯ್ಯಬೇಕಾದರೆ ಹಲ್ಲು ಕೆಳಮುಖ ಇರುವ ಬ್ಲೇಡ್ ಉಂಟು. ಅದು ಮೆಷಿನನ್ನು ಮೇಲಕ್ಕೆ ನೂಕುತ್ತದೆ, ಒತ್ತಿ ಹಿಡಿಯಿರಿ.

ಹಲಗೆಯ ಅಂಚಿಗೆ ತಾಗದ ಒಳಗಿನ ಕಟ್‌ಗೆ ಮೊದಲು ಮೂಲೆಗಳಲ್ಲಿ 10 ಎಂಎಂ ತೂತು ಕೊರೆಯಿರಿ. ಬ್ಲೇಡನ್ನು ಓರೆಯಾಗಿ ಚುಚ್ಚಿ ಇಳಿಸುವ ಕ್ರಮ ಹೊಸಬರಿಗೆ ಬೇಡವೇ ಬೇಡ.

ತಿರುವಿಗೆ ಅಗಲ ಕಡಿಮೆಯ ಬ್ಲೇಡ್, ಪೆಂಡ್ಯುಲಂ (ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಸೆಟ್ಟಿಂಗ್) ಸೊನ್ನೆ. ತಿರುವು ತೀರಾ ಸಣ್ಣದಾದರೆ ಬಿಸಾಡುವ ಭಾಗದ ಅಂಚಿನಿಂದ ಗೆರೆಯವರೆಗೆ ಅಲ್ಲಲ್ಲಿ ಕೊಯ್ದಿಟ್ಟುಕೊಳ್ಳಿ. ತುಂಡುಗಳು ಉದುರಿ ಬ್ಲೇಡಿಗೆ ತಿರುಗಲು ಜಾಗವಾಗುತ್ತದೆ. ಹಲಸಿನ ದಪ್ಪ ಹಲಗೆಯನ್ನು ನೇರ ಸೀಳಲು ಪೆಂಡ್ಯುಲಂ 2 ಅಥವಾ 3 ಇಡಿ. ದೂಡಬೇಡಿ, ದೂಡಿದರೆ ಬ್ಲೇಡ್ ಬಾಗಿ ಅಡಿಭಾಗದಲ್ಲಿ ಗೆರೆ ತಪ್ಪುತ್ತದೆ. ತಗಡಿಗೆ ಸಣ್ಣ ಹಲ್ಲಿನ ಬ್ಲೇಡ್, ಕಡಿಮೆ ವೇಗ.

ಕಣ್ಣಿಗೆ ಕನ್ನಡಕ ಇರಲಿ. ಬ್ಲೇಡ್ ಬದಲಿಸುವಾಗ ಪ್ಲಗ್ ತೆಗೆದೇ ಕೈಹಾಕಿ.